ಸೀಬೆ ಮತ್ತು ಸೇಬು: ಪೋಷಣೆ, ಆರೋಗ್ಯ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಆಹಾರದ ವಿಷಯ ಮಾತನಾಡುವಾಗಲೆಲ್ಲ ಈ ಎರಡು ಹಣ್ಣುಗಳ ಹೋಲಿಕೆ ಬಂದೇ ಬರುತ್ತದೆ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಇಲ್ಲಿ ಉತ್ತರಿಸಿದ್ದೇನೆ. ಪ್ರಮಾಣಗಳನ್ನು ಕೊಟ್ಟಿರುವಲ್ಲೆಲ್ಲ ಅವು ತಿನ್ನುವ ಭಾಗದ 100 ಗ್ರಾಂಗೆ ಸಂಬಂಧಿಸಿದವು. ತಳಿ, ಮಣ್ಣು ಮತ್ತು ಹಣ್ಣಿನ ಹದಕ್ಕೆ ತಕ್ಕಂತೆ ಅವುಗಳಲ್ಲಿ ಏರುಪೇರು ಇದ್ದೇ ಇರುತ್ತದೆ.

## ಮೊದಲು ತಿಳಿಯಬೇಕಾದವು

ಸೀಬೆಕಾಯಿ ಒಳ್ಳೇದಾ, ಸೇಬು ಒಳ್ಳೇದಾ? ಒಂದೇ ಮಾತಲ್ಲಿ ಹೇಳಿ.

ನಮ್ಮ ಭಾಗದ ಊಟಕ್ಕೆ, ಆರೋಗ್ಯವಾಗಿರುವ ಬಹುಪಾಲು ಜನರಿಗೆ, ಸೀಬೆ ಹೆಚ್ಚು ಉಪಕಾರಿ. ಸೇಬು ಕೆಟ್ಟ ಹಣ್ಣೇನಲ್ಲ, ಕೆಲವರಿಗೆ ಅದೇ ಸರಿಯಾದ ಆಯ್ಕೆಯೂ ಹೌದು. ಅವರು ಯಾರೆಂಬುದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ. ಆದರೆ ಹಣ್ಣಿಗೆಂದು ತೆಗೆದಿಟ್ಟ ದುಡ್ಡು ಸೀಮಿತವಾಗಿರುವ ಮನೆಯವರು ಸೇಬು ತರಲಾಗಲಿಲ್ಲವೆಂದು ಕೊರಗುವುದಕ್ಕೆ ಯಾವ ಕಾರಣವೂ ಇಲ್ಲ.

ಎರಡರಲ್ಲೂ ಏನೇನು ಎಷ್ಟೆಷ್ಟಿದೆ?

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಸೀಬೆಯಲ್ಲಿ ಸುಮಾರು 68 ಕ್ಯಾಲೊರಿ, 8.9 ಗ್ರಾಂ ಸಕ್ಕರೆ, 5.4 ಗ್ರಾಂ ನಾರು, 2.6 ಗ್ರಾಂ ಪ್ರೋಟೀನ್, 228 ಮಿಲಿಗ್ರಾಂ ವಿಟಮಿನ್ ಸಿ, 417 ಮಿಲಿಗ್ರಾಂ ಪೊಟ್ಯಾಸಿಯಂ ಮತ್ತು 49 ಮೈಕ್ರೋಗ್ರಾಂ ಫೋಲೇಟ್ ಇರುತ್ತವೆ. ಸಿಪ್ಪೆಸಹಿತ ಸೇಬಿನಲ್ಲಿ 52 ಕ್ಯಾಲೊರಿ, 10.4 ಗ್ರಾಂ ಸಕ್ಕರೆ, 2.4 ಗ್ರಾಂ ನಾರು, 0.3 ಗ್ರಾಂ ಪ್ರೋಟೀನ್, 4.6 ಮಿಲಿಗ್ರಾಂ ವಿಟಮಿನ್ ಸಿ, 107 ಮಿಲಿಗ್ರಾಂ ಪೊಟ್ಯಾಸಿಯಂ ಮತ್ತು 3 ಮೈಕ್ರೋಗ್ರಾಂ ಫೋಲೇಟ್ ಇರುತ್ತವೆ.

ಇವುಗಳಲ್ಲಿ ಎದ್ದು ಕಾಣುವುದು ವಿಟಮಿನ್ ಸಿ. ನೂರು ಗ್ರಾಂ ಸೀಬೆಯಲ್ಲಿರುವಷ್ಟು ವಿಟಮಿನ್ ಸಿ ಸೇಬಿನಿಂದ ಸಿಗಬೇಕಾದರೆ ಹೆಚ್ಚುಕಡಿಮೆ ಐದು ಕಿಲೋ ಸೇಬು ತಿನ್ನಬೇಕಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಅಂದರೆ ಅರ್ಧ ಸೀಬೆಯಲ್ಲೇ ದಿನದ ಅಗತ್ಯ ಬಹುಮಟ್ಟಿಗೆ ತೀರುತ್ತದೆ. ಹೆಚ್ಚಾದದ್ದನ್ನು ದೇಹ ಕೂಡಿಡುವುದಿಲ್ಲ, ಮೂತ್ರದಲ್ಲಿ ಹೊರಹಾಕುತ್ತದೆ. ಹಾಗಾಗಿ ವಿಟಮಿನ್ ಸಿ ಆಸೆಗೆ ಒಂದೇ ದಿನ ನಾಲ್ಕೈದು ಸೀಬೆ ತಿನ್ನುವುದರಿಂದ ವಿಶೇಷ ಲಾಭವಿಲ್ಲ. ದಿನಕ್ಕೊಂದರಂತೆ ತಿನ್ನುವುದೇ ಮೇಲು.

ಸೇಬಿಗೆ ಅಷ್ಟು ರೇಟ್ ಇದೆ ಅಂದಮೇಲೆ ಅದರಲ್ಲಿ ಸತ್ವವೂ ಜಾಸ್ತಿ ಇರಬೇಕಲ್ಲವೇ?

ಬೆಲೆಗೂ ಸತ್ವಕ್ಕೂ ಅಂಥ ಸಂಬಂಧವಿಲ್ಲ. ನಮ್ಮ ಮಾರುಕಟ್ಟೆಗೆ ಬರುವ ಹೆಚ್ಚಿನ ತಳಿಯ ಸೇಬಿನ ಮರಗಳು ಸರಿಯಾಗಿ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ನೂರಾರು ಗಂಟೆಗಳ ಕಾಲ ಬೇಕು. ಅಷ್ಟು ಚಳಿ ಕಾಶ್ಮೀರ, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಬೆಟ್ಟಗಳಲ್ಲಿದೆ, ಕಾವೇರಿ ಬಯಲಿನಲ್ಲಿಲ್ಲ. ಆದ್ದರಿಂದ ದೇವರಾಜ ಮಾರುಕಟ್ಟೆಯಲ್ಲಿ ಜೋಡಿಸಿಟ್ಟ ಸೇಬಿನ ಬೆಲೆಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ಲಾರಿ ಬಾಡಿಗೆ, ಪೆಟ್ಟಿಗೆ, ಶೀತಲಗೃಹದ ಬಾಡಿಗೆ, ವಿದೇಶದ್ದಾದರೆ ಆಮದು ಸುಂಕ ಎಲ್ಲವೂ ಸೇರಿರುತ್ತವೆ.

ಸೀಬೆ ಮೂಲತಃ ಅಮೆರಿಕ ಖಂಡದ ಉಷ್ಣವಲಯದ್ದು, ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು. ನಮ್ಮ ಬಿಸಿಲು ಅದಕ್ಕೆ ಎಷ್ಟು ಒಗ್ಗಿತೆಂದರೆ ಹಿತ್ತಲಿನಲ್ಲಿ, ಹೊಲದ ಬದುವಿನಲ್ಲಿ ಹೆಚ್ಚಿನ ಆರೈಕೆಯಿಲ್ಲದೆಯೇ ಕಾಯಿ ಬಿಡುತ್ತದೆ. ಸುಲಭವಾಗಿ ಬೆಳೆಯುತ್ತದೆ, ಬೇಗ ಮೆತ್ತಗಾಗುವುದರಿಂದ ಕೂಡಿಡಲು ಬರುವುದಿಲ್ಲ, ಹತ್ತಿರದಲ್ಲೇ ಮಾರಿಹೋಗುತ್ತದೆ. ಅದು ಅಗ್ಗವಾಗಿರುವುದು ಈ ಕಾರಣಗಳಿಂದ. ನನ್ನ ದೃಷ್ಟಿಯಲ್ಲಿ ಈ ಅಗ್ಗವೇ ಸೀಬೆಗೆ ಸಲ್ಲಬೇಕಾದ ಗೌರವವನ್ನು ಕಸಿದುಕೊಂಡಿದೆ.

ದಿನಕ್ಕೊಂದು ಸೇಬು ತಿಂದರೆ ಡಾಕ್ಟರ ಹತ್ತಿರ ಹೋಗೋದೇ ಬೇಡ ಅಂತಾರಲ್ಲ, ನಿಜವೇ?

ಇದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಹಳೆಯ ಗಾದೆ. 1866ರಲ್ಲಿ ಅಚ್ಚಾದ ದಾಖಲೆಯಿದೆ. ಸೇಬು ಮನೆಮನೆಯಲ್ಲಿ ಬೆಳೆಯುವ ನಾಡಿನವರು ತಮ್ಮ ಹಣ್ಣನ್ನು ಹೊಗಳಿಕೊಂಡಿದ್ದು ಸಹಜ. 2015ರಲ್ಲಿ ಅಮೆರಿಕದ ಸಂಶೋಧಕರು ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಿದರು. ವಿದ್ಯಾಭ್ಯಾಸ, ಧೂಮಪಾನ ಮುಂತಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ದಿನವೂ ಸೇಬು ತಿನ್ನುವವರು ವೈದ್ಯರ ಬಳಿಗೆ ಹೋಗುವುದು ಕಡಿಮೆಯೇನೂ ಆಗಿರಲಿಲ್ಲ. ವೈದ್ಯರು ಬರೆದುಕೊಡುವ ಔಷಧಿಗಳ ಬಳಕೆ ಮಾತ್ರ ತುಸು ಕಡಿಮೆಯಿತ್ತು.

ಕತ್ತರಿಸಿಟ್ಟ ಸೇಬು ಕಂದಾಗುತ್ತದೆ. ಅದರಲ್ಲಿ ಕಬ್ಬಿಣ ಇದೆ ಅನ್ನೋದಕ್ಕೆ ಅದೇ ಸಾಕ್ಷಿ ಅಲ್ಲವೇ?

ಅಲ್ಲ. ಸೇಬಿನ ತಿರುಳಿನಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳು ಒಂದು ಕಿಣ್ವದ ಸಹಾಯದಿಂದ ಗಾಳಿಯ ಆಮ್ಲಜನಕದೊಡನೆ ಸೇರಿ ಕಂದು ಬಣ್ಣ ತಾಳುತ್ತವೆ. ಬದನೆಕಾಯಿ ಹೆಚ್ಚಿಟ್ಟಾಗ ಆಗುವುದೂ ಇದೇ. ನೂರು ಗ್ರಾಂ ಸೇಬಿನಲ್ಲಿರುವ ಕಬ್ಬಿಣ 0.12 ಮಿಲಿಗ್ರಾಂ ಮಾತ್ರ. ಸೀಬೆಯಲ್ಲೂ 0.26 ಮಿಲಿಗ್ರಾಂ ಇದ್ದು, ಅದೂ ಅತ್ಯಲ್ಪವೇ. ರಕ್ತಹೀನತೆಗೆ ಸೀಬೆ ಸಹಾಯ ಮಾಡುವ ಬಗೆ ಬೇರೆಯದು. ಅದನ್ನು ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ.

## ದಿನನಿತ್ಯದ ಊಟ ಮತ್ತು ಅಭ್ಯಾಸಗಳು

ನಮ್ಮದು ದಿನಾ ಮುದ್ದೆ, ಸೊಪ್ಪಿನ ಸಾರು. ಇದಕ್ಕೆ ಯಾವ ಹಣ್ಣು ಹೊಂದುತ್ತೆ?

ಈ ಇಡೀ ಬರಹದಲ್ಲಿ ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

ರಾಗಿ ಮುದ್ದೆ, ಬಸ್ಸಾರು, ಉಪ್ಪೆಸರು, ಮಸೊಪ್ಪು, ಹುರುಳಿ ಸಾರು ಇವೆಲ್ಲ ಕಬ್ಬಿಣವಿರುವ ಆಹಾರಗಳೇ. ಆದರೂ 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಇದಕ್ಕೆ ಹಲವು ಕಾರಣಗಳಿವೆ. ಊಟಕ್ಕೆ ಸಂಬಂಧಿಸಿದ ಒಂದು ಮುಖ್ಯ ಕಾರಣವೆಂದರೆ, ಧಾನ್ಯ, ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ಮಾಂಸದಲ್ಲಿರುವ ಕಬ್ಬಿಣದಷ್ಟು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್, ರಾಗಿಯ ಕೆಂಪು ಹೊಟ್ಟಿನಲ್ಲಿರುವ ಟ್ಯಾನಿನ್‌ನಂಥ ವಸ್ತುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದು ಕರುಳಿನಿಂದ ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ವಿಟಮಿನ್ ಸಿ ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ. ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತಂದು, ಕರಗಿದ ಸ್ಥಿತಿಯಲ್ಲೇ ಉಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದವರಿಗೆ ಅನ್ನದ ಊಟದ ಜೊತೆ ಸೀಬೆ ಕೊಟ್ಟಾಗ ಆ ಊಟದಿಂದ ಹೀರಲ್ಪಟ್ಟ ಕಬ್ಬಿಣದ ಪಾಲು ಸುಮಾರು ಎರಡು ಪಟ್ಟಾಯಿತು. ಸತುವಿನ ಹೀರಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅದು ಅನ್ನದ ಊಟದ ಮೇಲೆ ನಡೆದ ಪ್ರಯೋಗ, ಮುದ್ದೆಯ ಮೇಲಲ್ಲ. ಆದರೆ ವಿಟಮಿನ್ ಸಿ ಕೆಲಸ ಮಾಡುವ ಬಗೆ ಎರಡು ಊಟಗಳಲ್ಲೂ ಒಂದೇ. ಸೇಬಿನಲ್ಲಿ ವಿಟಮಿನ್ ಸಿ ತೀರಾ ಕಡಿಮೆ ಇರುವುದರಿಂದ ಅದರಿಂದ ಈ ಉಪಕಾರ ಆಗದು.

ಇಲ್ಲಿ ಹೊತ್ತು ಮುಖ್ಯ. ವಿಟಮಿನ್ ಸಿ ಮತ್ತು ಕಬ್ಬಿಣ ಒಟ್ಟಿಗೆ ಹೊಟ್ಟೆಯಲ್ಲಿರಬೇಕು. ಬೆಳಿಗ್ಗೆ ತಿಂದ ಸೀಬೆ ರಾತ್ರಿಯ ಮುದ್ದೆಗೆ ಸಹಾಯ ಮಾಡುವುದಿಲ್ಲ. ಅರ್ಧ ಸೀಬೆಯನ್ನು ಊಟದ ಜೊತೆಗೆ ಅಥವಾ ಊಟ ಮುಗಿದ ಕೂಡಲೇ ತಿಂದು, ಕಾಫಿಯನ್ನು ಒಂದು ಗಂಟೆಯಷ್ಟಾದರೂ ಮುಂದಕ್ಕೆ ಹಾಕಬೇಕು. ಸೀಬೆ ಸಿಗದ ತಿಂಗಳುಗಳಲ್ಲಿ ನೆಲ್ಲಿಕಾಯಿ ಈ ಕೆಲಸ ಮಾಡುತ್ತದೆ; ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳುವುದಾದರೆ ಸಾರು ಒಲೆಯಿಂದ ಇಳಿದ ಮೇಲೆ, ತಟ್ಟೆಯಲ್ಲೇ ಹಿಂಡಿಕೊಳ್ಳಬೇಕು, ಏಕೆಂದರೆ ಕುದಿಯುವಾಗ ವಿಟಮಿನ್ ಸಿ ಬಹಳಷ್ಟು ನಾಶವಾಗುತ್ತದೆ.

ಮಕ್ಕಳಿಗೆ ಸೀಬೆ ಕೊಟ್ಟರೆ ಶೀತ ಆಗುತ್ತೆ ಅಂತ ನಮ್ಮತ್ತೆ ಬೈತಾರೆ. ಕೊಡಬಹುದಾ?

ಕೊಡಬಹುದು. ನೆಗಡಿ ಬರುವುದು ವೈರಾಣುಗಳಿಂದ, ಹಣ್ಣಿನಿಂದಲ್ಲ. ಸೀಬೆಯ ಒಂದು ಫಸಲು ಮಳೆಗಾಲದಲ್ಲಿ, ಇನ್ನೊಂದು ಚಳಿಗಾಲದಲ್ಲಿ ಬರುತ್ತದೆ. ನೆಗಡಿ ಹರಡುವ ಕಾಲವೂ ಅದೇ ಆಗಿರುವುದರಿಂದ ಹಿರಿಯರು ಎರಡನ್ನೂ ಜೋಡಿಸಿ ನೋಡಿರಬಹುದು. ಹಾಗೆಂದು ಸೀಬೆ ತಿಂದರೆ ನೆಗಡಿಯೇ ಬರುವುದಿಲ್ಲ ಎಂಬ ಮಾತೂ ಸರಿಯಲ್ಲ. ವಿಟಮಿನ್ ಸಿ ಮಾತ್ರೆಗಳ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪಲಿಲ್ಲ, ದಿನವೂ ತೆಗೆದುಕೊಂಡವರಲ್ಲಿ ಅದರ ಅವಧಿ ಸ್ವಲ್ಪ ಕಡಿಮೆಯಾಯಿತು. ಮಳೆಗಾಲದ ಕಾಯಿಯಲ್ಲಿ ಹಣ್ಣುನೊಣದ ಹುಳು ಇರುವ ಸಂಭವ ಹೆಚ್ಚು. ಆದ್ದರಿಂದ ಹೋಳು ಮಾಡಿ ನೋಡಿಯೇ ಮಕ್ಕಳ ಕೈಗೆ ಕೊಡಿ.

ಸೀಬೆ ಬೀಜ ಹೊಟ್ಟೇಲಿ ಗಟ್ಟಿಯಾಗಿ ಮಲಬದ್ಧತೆ ಆಗುತ್ತಂತೆ, ಹೌದಾ?

ಸಾಮಾನ್ಯವಾಗಿ ಹಾಗಾಗುವುದಿಲ್ಲ. ಬೀಜಗಳು ಜೀರ್ಣವಾಗದೆ ಹಾಗೆಯೇ ಹೊರಬರುತ್ತವೆ, ತಿರುಳಿನ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆದುವಾಗಿಸುತ್ತದೆ. ನೀರು ಕಡಿಮೆ ಕುಡಿಯುವವರು ಒಂದೇ ಸಲ ಬಹಳಷ್ಟು ದೋರೆಗಾಯಿ ತಿಂದರೆ ಹೊಟ್ಟೆ ಬಿಗಿಯಬಹುದು. ಕರುಳಿನ ಶಸ್ತ್ರಚಿಕಿತ್ಸೆ ಆದವರು ಮತ್ತು ಕರುಳು ಕಿರಿದಾಗಿದೆಯೆಂದು ವೈದ್ಯರಿಂದ ತಿಳಿದವರು ಬೀಜ ತೆಗೆದೇ ತಿನ್ನಬೇಕು. ಸೇಬಿನ ಬೀಜದ ಮಾತು ಬೇರೆ: ಅದನ್ನು ಅಗಿದಾಗ ಸಯನೈಡ್ ಬಿಡುಗಡೆ ಮಾಡುವ ಅಂಶ ಅದರಲ್ಲಿದೆ. ಅಕಸ್ಮಾತ್ತಾಗಿ ಒಂದೆರಡು ನುಂಗಿದರೆ ಅಪಾಯವಿಲ್ಲ, ಆದರೆ ಅಗಿದು ತಿನ್ನುವ ಅಭ್ಯಾಸ ಬೇಡ.

ಸೇಬಿನ ಮೇಲೆ ಮೇಣ ಬಳಿದಿರ್ತಾರೆ, ಸಿಪ್ಪೆ ಸುಲಿದೇ ತಿನ್ನಬೇಕಾ? ಸೀಬೆ ಸಿಪ್ಪೆ?

ಸೇಬಿನ ಸಿಪ್ಪೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣವಿರುತ್ತದೆ. ತೊಳೆಯುವಾಗ ಅದು ಹೋಗುವುದರಿಂದ ಕೆಲವರು ಮತ್ತೆ ಲೇಪಿಸುತ್ತಾರೆ; ಜೇನುಮೇಣ, ಕಾರ್ನೌಬಾ ಎಂಬ ತಾಳೆಜಾತಿಯ ಎಲೆಯ ಮೇಣ, ಅರಗು ಮುಂತಾದ ತಿನ್ನಲು ಯೋಗ್ಯವಾದವುಗಳಿಗೆ ನಮ್ಮ ಆಹಾರ ನಿಯಮಗಳಲ್ಲಿ ಅನುಮತಿಯಿದೆ. ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಸಿಪ್ಪೆಯೊಡನೆ ತಿನ್ನುವುದೇ ನನ್ನ ಸಲಹೆ. ಸಿಪ್ಪೆ ಸುಲಿದರೆ ನಾರು 2.4 ಗ್ರಾಂನಿಂದ 1.3 ಗ್ರಾಂಗೆ ಇಳಿಯುತ್ತದೆ, ಸೇಬಿನ ಹೆಗ್ಗಳಿಕೆಯಾದ ಕ್ವೆರ್ಸೆಟಿನ್ ಎಂಬ ವಸ್ತು ಬಹುಪಾಲು ಸಿಪ್ಪೆಯೊಂದಿಗೇ ಕಸಕ್ಕೆ ಹೋಗುತ್ತದೆ. ಸೀಬೆಯಲ್ಲೂ ವಿಟಮಿನ್ ಸಿ ದಟ್ಟವಾಗಿರುವುದು ಸಿಪ್ಪೆಯಲ್ಲಿ ಮತ್ತು ಅದಕ್ಕೆ ಅಂಟಿದ ತಿರುಳಿನಲ್ಲಿ.

ಉಪ್ಪು ಖಾರ ಹಾಕಿದ ಸೀಬೆಕಾಯಿ ತಿಂದರೆ ಸತ್ವ ಹೋಗುತ್ತಾ? ಜ್ಯೂಸ್ ಮಾಡಿದರೆ?

ಉಪ್ಪು ಖಾರದಿಂದ ಸತ್ವ ಹೋಗುವುದಿಲ್ಲ. ಆದರೆ ತಳ್ಳುಗಾಡಿಯಲ್ಲಿ ಧಾರಾಳವಾಗಿ ಉದುರಿಸುವ ಉಪ್ಪು ರಕ್ತದೊತ್ತಡ ಇರುವವರಿಗೆ ಒಳ್ಳೆಯದಲ್ಲ, ಬಹಳ ಹೊತ್ತು ತೆರೆದಿಟ್ಟ ಹೋಳುಗಳ ಮೇಲೆ ಧೂಳು, ನೊಣ ಕೂರುತ್ತವೆ. ಕಣ್ಣೆದುರಿಗೇ ಹೆಚ್ಚಿಸಿಕೊಳ್ಳಿ. ರಸ ಮಾಡಿ ಸೋಸಿದರೆ ನಾರೆಲ್ಲ ಸೋಸಣಿಗೆಯಲ್ಲಿ ಉಳಿಯುತ್ತದೆ, ಮೇಲೆ ಸಕ್ಕರೆಯೂ ಸೇರುತ್ತದೆ. ಇದು ಎರಡು ಹಣ್ಣುಗಳಿಗೂ ಅನ್ವಯಿಸುವ ಮಾತು.

ಆರು ತಿಂಗಳ ಕೂಸಿಗೆ ಮೊದಲು ಸೇಬೇ ಕೊಡಬೇಕಾ?

ಸೇಬೇ ಆಗಬೇಕೆಂದಿಲ್ಲ. ಬೇಯಿಸಿ ಮಸೆದ ಸೇಬು ನುಣ್ಣಗಾಗುತ್ತದೆ, ಜೀರ್ಣವಾಗುವುದೂ ಸುಲಭ, ಆದ್ದರಿಂದ ಅದು ಅನುಕೂಲ. ಚೆನ್ನಾಗಿ ಹಣ್ಣಾದ ಸೀಬೆಯನ್ನು ಜರಡಿಯಲ್ಲಿ ಒತ್ತಿ ಬೀಜ ತೆಗೆದು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು, ಬಾಳೆಹಣ್ಣು, ಪರಂಗಿಯಿಂದಲೂ ಆರಂಭಿಸಬಹುದು. ಹಸಿ ಸೇಬಿನ ಮತ್ತು ಗಟ್ಟಿ ಸೀಬೆಯ ತುಂಡುಗಳು ಎಳೆಯ ಮಕ್ಕಳ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ; ಮಗು ಚೆನ್ನಾಗಿ ಅಗಿಯುವುದನ್ನು ಕಲಿಯುವವರೆಗೆ ತುರಿದು ಅಥವಾ ಬೇಯಿಸಿ ಕೊಡಬೇಕು.

ಆಸ್ಪತ್ರೇಲಿರೋರನ್ನ ನೋಡೋಕೆ ಹೋಗುವಾಗ ಸೀಬೆ ತಗೊಂಡು ಹೋದರೆ ಏನಂದುಕೊಳ್ಳುತ್ತಾರೋ?

ಈ ಸಂಕೋಚ ನಮ್ಮಲ್ಲಿ ಬಹಳ ಆಳವಾಗಿದೆ. ದಿನಗೂಲಿಯವರೂ ಅಂದಿನ ಸಂಪಾದನೆಯ ದೊಡ್ಡ ಭಾಗವನ್ನು ಸೇಬಿಗೆ ಹಾಕಿ ರೋಗಿಯ ಮಂಚದ ಪಕ್ಕ ಇಡುತ್ತಾರೆ. ರೋಗಿಯ ದೃಷ್ಟಿಯಿಂದ ನೋಡಿದರೆ ಸೇಬಿಗೆ ಕೆಲವು ಅನುಕೂಲಗಳಿವೆ: ನಾಲ್ಕು ದಿನ ಕೆಡದೆ ಇರುತ್ತದೆ, ಬೇಯಿಸಿದರೆ ಹೊಟ್ಟೆಗೆ ಹಗುರ. ಆದರೆ ಹೆರಿಗೆಯಾದ ತಾಯಿಗೆ, ಗಾಯ ಮಾಯುತ್ತಿರುವವರಿಗೆ ವಿಟಮಿನ್ ಸಿ ಹೆಚ್ಚು ಬೇಕು. ಅಂಥವರಿಗೆ ತಾಜಾ ಸೀಬೆ ಕೊಂಡೊಯ್ದರೆ ನೀವು ಕಡಿಮೆ ಕೊಟ್ಟಂತಾಗುವುದಿಲ್ಲ. ಪಥ್ಯವೇನಿದೆಯೆಂದು ದಾದಿಯರನ್ನು ಕೇಳಿ ಕೊಡಿ.

## ಕಾಯಿಲೆ, ಔಷಧಿ ಮತ್ತು ವಿಶೇಷ ಸಂದರ್ಭಗಳು

ನನಗೆ ಶುಗರ್ ಇದೆ. ಯಾವುದನ್ನ ಎಷ್ಟು ತಿನ್ನಬಹುದು?

ಎರಡೂ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಹಣ್ಣುಗಳೇ. ಸಕ್ಕರೆ ತುಸು ಕಡಿಮೆ, ನಾರು ಎರಡು ಪಟ್ಟಿಗೂ ಹೆಚ್ಚು ಇರುವುದರಿಂದ ಸೀಬೆಯ ಕಡೆಗೆ ತೂಕ ವಾಲುತ್ತದೆ. ಆದರೆ ಇಲ್ಲಿ ಹಣ್ಣಿನ ಹೆಸರಿಗಿಂತ ಗಾತ್ರ ಮುಖ್ಯ: ಸುಮಾರು 180 ಗ್ರಾಂ ತೂಗುವ ಸೇಬಿನಲ್ಲಿ 19 ಗ್ರಾಂನಷ್ಟು ಸಕ್ಕರೆ ಇರುತ್ತದೆ, 100 ಗ್ರಾಂನ ಸೀಬೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಒಂದು ಹೊತ್ತಿಗೆ ಸಾಧಾರಣ ಗಾತ್ರದ ಒಂದು ಸೀಬೆ ಅಥವಾ ಅರ್ಧ ದೊಡ್ಡ ಸೇಬು ಸಾಕು. ಊಟದಲ್ಲಿ ಮುದ್ದೆಯೋ ಅನ್ನವೋ ಹೆಚ್ಚಾಗಿದ್ದ ದಿನ ಹಣ್ಣನ್ನು ಅದರ ಮೇಲೆ ಸೇರಿಸುವ ಬದಲು, ಆ ಧಾನ್ಯವನ್ನೇ ಸ್ವಲ್ಪ ತಗ್ಗಿಸಿ ಹಣ್ಣಿಗೆ ಜಾಗ ಮಾಡಿಕೊಳ್ಳಬೇಕು. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ತಿಂದ ಎರಡು ಗಂಟೆಯ ಮೇಲೆ ಪರೀಕ್ಷಿಸಿ ನಿಮ್ಮ ದೇಹದ ಉತ್ತರವನ್ನೇ ತಿಳಿಯಿರಿ.

ಕೊಲೆಸ್ಟ್ರಾಲ್‌ಗೆ ಸೇಬು ಒಳ್ಳೇದು ಅಂತಾರೆ. ಅದಾದರೂ ನಿಜವಾ?

ಇದು ಸೇಬಿನ ಪರವಾಗಿ ಗಟ್ಟಿಯಾಗಿ ಹೇಳಬಹುದಾದ ಮಾತು. ಸೇಬಿನ ಪೆಕ್ಟಿನ್ ಎಂಬ ಕರಗುವ ನಾರು ಕರುಳಿನಲ್ಲಿ ಪಿತ್ತದ ಅಂಶಗಳನ್ನು ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು ಪಾಲ್ಗೊಂಡು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಲೆಸ್ಟ್ರಾಲ್ ಸ್ವಲ್ಪ ಹೆಚ್ಚಿದ್ದ 40 ಮಂದಿ ಎಂಟು ವಾರ ದಿನಕ್ಕೆರಡು ಸೇಬು ತಿಂದಾಗ ಕೆಟ್ಟ ಕೊಲೆಸ್ಟ್ರಾಲ್ ತುಸು ಇಳಿಯಿತು. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವಷ್ಟು ದೊಡ್ಡ ಇಳಿಕೆ ಅದಲ್ಲ. ಪೆಕ್ಟಿನ್ ಸೀಬೆಯಲ್ಲೂ ಸಾಕಷ್ಟಿದೆ. ಸೀಬೆಯ ಜೆಲ್ಲಿ ಅಷ್ಟು ಚೆನ್ನಾಗಿ ಗಟ್ಟಿಯಾಗುವುದು ಅದರಿಂದಲೇ.

ಗರ್ಭಿಣಿಗೆ ಯಾವುದು?

ಸೀಬೆ, ಚೆನ್ನಾಗಿ ತೊಳೆದದ್ದು. ಭ್ರೂಣದ ನರಮಂಡಲ ಸರಿಯಾಗಿ ರೂಪುಗೊಳ್ಳಲು ಬೇಕಾದ ಫೋಲೇಟ್ ಅದರಲ್ಲಿ ಸೇಬಿಗಿಂತ ಎಷ್ಟೋ ಪಟ್ಟು ಹೆಚ್ಚಿದೆ. ಆದರೂ ಹಣ್ಣು ಮಾತ್ರೆಗೆ ಬದಲಿಯಲ್ಲ: ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ, ಅದನ್ನು ತಪ್ಪಿಸಬಾರದು. ಆ ಮಾತ್ರೆಯನ್ನು ಹಾಲು, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗದೆ, ನೀರಿನಲ್ಲಿ ನುಂಗಿ ಮೇಲೊಂದು ತುಂಡು ಸೀಬೆ ತಿಂದರೆ ಒಳ್ಳೆಯದು.

ನಮ್ಮ ತಂದೆಗೆ ಕಿಡ್ನಿ ತೊಂದರೆ, ಡಯಾಲಿಸಿಸ್ ನಡೀತಿದೆ. ಸೀಬೆ ಕೊಡಲಾ?

ಅವರ ವೈದ್ಯರನ್ನು ಕೇಳದೆ ಕೊಡಬೇಡಿ. ಮೂತ್ರಪಿಂಡ ಸೋತಾಗ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಸೀಬೆಯಲ್ಲಿ ಅದು ಸೇಬಿನ ನಾಲ್ಕು ಪಟ್ಟು ಇದೆ, ಆದ್ದರಿಂದ ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಹೇಳುವುದು ಸೇಬನ್ನೇ. ಎಳನೀರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಮದ್ದೂರಿನ ಸುತ್ತಮುತ್ತ ಅದನ್ನು ಎಲ್ಲ ಕಾಯಿಲೆಗೂ ತಂಪೆಂದು ಕೊಡುವುದನ್ನು ನೋಡಿ ಈ ಮಾತನ್ನು ಸೇರಿಸುತ್ತಿದ್ದೇನೆ. ಮೂತ್ರಪಿಂಡ ಸರಿಯಾಗಿದ್ದು ರಕ್ತದೊತ್ತಡ ಮಾತ್ರ ಇರುವವರಿಗೆ, ಉಪ್ಪಿನ ಪ್ರಭಾವವನ್ನು ತಗ್ಗಿಸುವ ಪೊಟ್ಯಾಸಿಯಂ ಒಳ್ಳೆಯದೇ. ಆದರೆ ಒತ್ತಡದ ಕೆಲವು ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ, ಆದ್ದರಿಂದ ಅವರೂ ಒಮ್ಮೆ ಕೇಳಿಕೊಳ್ಳಬೇಕು.

ಸೇಬು ತಿಂದರೆ ನನಗೆ ಹೊಟ್ಟೆ ಉಬ್ಬರಿಸುತ್ತೆ. ಒಳ್ಳೆ ಹಣ್ಣು ಹೀಗೇಕೆ ಮಾಡುತ್ತೆ?

ಸೇಬಿನಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆಯ ಪಾಲು ಹೆಚ್ಚು, ಜೊತೆಗೆ ಸಾರ್ಬಿಟಾಲ್ ಕೂಡ ಇದೆ. ಕೆಲವರ ಸಣ್ಣ ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುದುಗಿ ವಾಯು ಉಂಟಾಗುತ್ತದೆ. ಇಂಥವರು ಸೇಬು ಬಿಟ್ಟು ಚೆನ್ನಾಗಿ ಹಣ್ಣಾದ ಸೀಬೆಯನ್ನು ಸ್ವಲ್ಪ ಸ್ವಲ್ಪ ತಿಂದು ನೋಡಬಹುದು. ದೋರೆಗಾಯಿ ಅವರಿಗೆ ತೊಂದರೆ ಕೊಡಬಹುದು.

ಒಳಗೆ ಕೆಂಪಿರೋ ಸೀಬೆಗೂ ಬಿಳಿ ಸೀಬೆಗೂ ಗುಣದಲ್ಲಿ ವ್ಯತ್ಯಾಸ ಇದೆಯಾ?

ಇದೆ. ಕೆಂಪು ಬಣ್ಣ ಕೊಡುವುದು ಲೈಕೋಪೀನ್. ಟೊಮೆಟೊಗೆ ಬಣ್ಣ ಕೊಡುವುದೂ ಅದೇ. ಕೆಂಪು ತಿರುಳಿನ ಸೀಬೆಯ 100 ಗ್ರಾಂನಲ್ಲಿ ಸುಮಾರು 5 ಮಿಲಿಗ್ರಾಂ ಲೈಕೋಪೀನ್ ಇದ್ದು, ಇದು ಹಸಿ ಟೊಮೆಟೊದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಬಿಳಿ ಸೀಬೆಯಲ್ಲಿ ಅದು ಇಲ್ಲವೆನ್ನಬಹುದು, ಸೇಬಿನ ಕೆಂಪಿಗೆ ಕಾರಣವೇ ಬೇರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ಎಂಬ ತಳಿಯನ್ನು ಲೈಕೋಪೀನ್ ಹೆಚ್ಚಿರುವ ಕೆಂಪು ತಿರುಳಿಗಾಗಿಯೇ ರೂಪಿಸಲಾಗಿದೆ. ವಿಟಮಿನ್ ಸಿ ವಿಷಯದಲ್ಲಿ ಎರಡೂ ಬಣ್ಣದವು ಹೆಚ್ಚುಕಡಿಮೆ ಸಮ, ಎರಡೂ 200 ಮಿಲಿಗ್ರಾಂ ದಾಟುತ್ತವೆ. ಹಾಗಾಗಿ ಬಿಳಿ ತಿರುಳಿನ ಅಲಹಾಬಾದ್ ಸಫೇದದಂಥ ತಳಿ ಹಿತ್ತಲಿನಲ್ಲಿದ್ದರೆ ಅದನ್ನು ಬಿಟ್ಟು ಕೆಂಪನ್ನೇ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮಾತ್ರೆ ನುಂಗುವಾಗ ಈ ಹಣ್ಣುಗಳಿಂದ ಏನಾದರೂ ತೊಂದರೆ ಇದೆಯಾ?

ಇಡೀ ಹಣ್ಣಿಗಿಂತ ರಸದ ವಿಷಯದಲ್ಲಿ ಎಚ್ಚರ ಬೇಕು. ಅಲರ್ಜಿಗೆ ಕೊಡುವ ಫೆಕ್ಸೋಫೆನಡಿನ್ ಮಾತ್ರೆಯನ್ನು ಸೇಬಿನ ರಸದ ಜೊತೆ ನುಂಗಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅದನ್ನು ನೀರಿನಲ್ಲೇ ನುಂಗಬೇಕು. ಸಕ್ಕರೆ ಕಾಯಿಲೆಗೆಂದು ಸೀಬೆ ಎಲೆಯ ಕಷಾಯ ಕುಡಿಯುವವರು ನಮ್ಮಲ್ಲಿ ಹಲವರಿದ್ದಾರೆ. ಎಲೆಯ ಪ್ರಭಾವ ಹಣ್ಣಿನ ಪ್ರಭಾವಕ್ಕಿಂತ ಬೇರೆ, ಅದು ಸಕ್ಕರೆಯನ್ನು ಇಳಿಸಬಲ್ಲದು. ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದಾಗ ಸಕ್ಕರೆ ಅತಿಯಾಗಿ ಇಳಿದು ತಲೆಸುತ್ತು, ಬೆವರು ಬರಬಹುದು. ಕಷಾಯ ಕುಡಿಯುತ್ತಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣವನ್ನು ಅವರೇ ನಿರ್ಧರಿಸಲಿ.